ಕ್ಯಾನ್ಸರ್ ಸಂಶೋಧನೆಯಲ್ಲಿ ಪಿಎಚ್.ಡಿ.: ದಾವಣಗೆರೆ, ಚಿತ್ರದುರ್ಗದ ವಿದ್ಯಾರ್ಥಿಗಳಿಗೆ ಒಂದು ಮಾರ್ಗದರ್ಶಿ

ಶಿವಗಂಗೋತ್ರಿಯ ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರ ಇಲ್ಲವೇ ಸೂಕ್ಷ್ಮಜೀವಿಶಾಸ್ತ್ರದ ಎಂ.ಎಸ್ಸಿ. ಓದುತ್ತಿರುವವರು ಕ್ಯಾನ್ಸರ್ ಸಂಶೋಧನೆಗೆ ಹೋಗಬೇಕೆಂದು ಮನಸ್ಸು ಮಾಡಿದಾಗ ಮೊದಲು ವಿಚಾರಿಸುವುದು ಯಾವ ಪರೀಕ್ಷೆ ಬರೆಯಬೇಕು ಎಂಬುದನ್ನು. ಪರೀಕ್ಷೆ ಬರೆಯಲೇಬೇಕು, ಅದರ ವಿವರ ಮುಂದೆ ಇದೆ. ಆದರೆ ಐದಾರು ವರ್ಷ ಒಂದೇ ವಿಷಯದ ಬೆನ್ನು ಹತ್ತಲಿರುವವರು ಯಾವ ಪ್ರಶ್ನೆಯನ್ನು ಹಿಡಿಯಬೇಕು, ಯಾವ ಗೈಡ್ ಬಳಿ ಕೆಲಸ ಮಾಡಬೇಕು ಎಂಬುದನ್ನು ಪರೀಕ್ಷೆಗಿಂತ ಮೊದಲೇ ಯೋಚಿಸತೊಡಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮೂರನೇ ಸೆಮಿಸ್ಟರ್ ಅದಕ್ಕೆ ತಕ್ಕ ಕಾಲ, ಏಕೆಂದರೆ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟನ್ನು ಆ ದಿಕ್ಕಿಗೆ ತಿರುಗಿಸಿಕೊಳ್ಳಲು ಆಗ ಇನ್ನೂ ಅವಕಾಶವಿರುತ್ತದೆ.

ನಮ್ಮ ಸೀಮೆಯಲ್ಲಿ ಪ್ರಶ್ನೆಗಳಿಗೆ ಬರವಿಲ್ಲ. ಚನ್ನಗಿರಿಯ ಸುತ್ತಮುತ್ತ ಅಡಿಕೆಯೇ ಬದುಕು. ಆ ಅಡಿಕೆಯು ತಂಬಾಕು ಬೆರೆಯದಿದ್ದರೂ ತಾನಾಗಿಯೇ ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ವರ್ಗೀಕರಿಸಿದೆ. ಅಡಿಕೆ, ಗುಟ್ಕಾ ಜಗಿಯುವವರಲ್ಲಿ ಕೆನ್ನೆಯ ಒಳಪದರ ಬಿಗಿದುಕೊಂಡು, ಬಾಯಿ ಎರಡು ಬೆರಳು ತೂರುವಷ್ಟೂ ತೆರೆಯದಂತಾಗುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ರೋಗವು ಕೆಲವರಲ್ಲಿ ಮುಂದೆ ಕ್ಯಾನ್ಸರ್ ಆಗುತ್ತದೆ, ಹಲವರಲ್ಲಿ ಆಗುವುದಿಲ್ಲ. ಯಾರಲ್ಲಿ ಆಗುತ್ತದೆ ಎಂದು ಮೊದಲೇ ಖಚಿತವಾಗಿ ಹೇಳುವ ವಿಧಾನ ಇನ್ನೂ ವೈದ್ಯರ ಕೈಗೆ ಬಂದಿಲ್ಲ. ಎರಡು ದಂತ ವೈದ್ಯಕೀಯ ಕಾಲೇಜುಗಳಿರುವ ದಾವಣಗೆರೆಯಲ್ಲಿ ಇದನ್ನು ಕೇಳದೆ ಬೇರೆಲ್ಲಿ ಕೇಳಬೇಕು? "ಬಾಯಿ ಕ್ಯಾನ್ಸರ್ ಮೇಲೆ ಕೆಲಸ ಮಾಡುತ್ತೇನೆ" ಎಂದರೆ ಅದು ವಿಷಯವಾಯಿತೇ ಹೊರತು ಪ್ರಶ್ನೆಯಾಗಲಿಲ್ಲ. ಬಯಾಪ್ಸಿಯ ಚೂರಿನಲ್ಲಿ ಯಾವ ಪ್ರೋಟೀನಿನ ಏರಿಳಿತವು ಈ ಇಬ್ಬಗೆಯ ರೋಗಿಗಳನ್ನು ಬೇರ್ಪಡಿಸಿ ತೋರಿಸಬಲ್ಲದು ಎಂದು ಕೇಳಿದಾಗ ಅದು ಪ್ರಶ್ನೆಯಾಗುತ್ತದೆ. ಅದನ್ನು ಬೇರೆಯವರು ಎಷ್ಟು ದೂರ ಒಯ್ದಿದ್ದಾರೆ ಎಂಬುದನ್ನು ವೈದ್ಯಕೀಯ ಲೇಖನಗಳನ್ನು ಹುಡುಕುವ ಜಾಲತಾಣವಾದ ಪಬ್‌ಮೆಡ್‌ನಲ್ಲಿಯೂ, ದೇಶದ ಪಿಎಚ್.ಡಿ. ಪ್ರಬಂಧಗಳನ್ನು ಉಚಿತವಾಗಿ ಓದಲು ಇಟ್ಟಿರುವ ಶೋಧಗಂಗಾದಲ್ಲಿಯೂ ನೋಡಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಯಾವುದೋ ಗಿಡದ ಎಲೆಯ ಸಾರ ತೆಗೆದು, ಪ್ರಯೋಗಾಲಯದಲ್ಲಿ ಬೆಳೆಸುವ ಹೀಲಾ ಎಂಬ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ, ಬದುಕಿರುವ ಕೋಶಗಳನ್ನು ಬಣ್ಣದಿಂದ ಅಳೆಯುವ ಎಂಟಿಟಿ ಪರೀಕ್ಷೆಯಲ್ಲಿ ಕೋಶಗಳು ಸತ್ತವು ಎಂದು ತೋರಿಸಿ ಮುಗಿಸುವ ಪ್ರಬಂಧಗಳು ಅಗತ್ಯಕ್ಕಿಂತ ಹೆಚ್ಚಾಗಿವೆ. ಬಟ್ಟಲಿನಲ್ಲಿರುವ ಕೋಶಗಳನ್ನು ಬ್ಲೀಚಿಂಗ್ ಪುಡಿಯೂ ಕೊಲ್ಲುತ್ತದೆ. ಆರೋಗ್ಯವಂತ ಕೋಶಗಳನ್ನು ಆ ಸಾರವು ಉಳಿಸುತ್ತದೆಯೇ, ಅದರೊಳಗಿನ ಯಾವ ಸಂಯುಕ್ತ ಈ ಕೆಲಸ ಮಾಡುತ್ತಿದೆ, ಕೋಶದ ಯಾವ ವ್ಯವಸ್ಥೆಯನ್ನು ಅದು ತಡೆಯುತ್ತಿದೆ ಎಂಬಲ್ಲಿಗೆ ಹೋಗದಿದ್ದರೆ ನಿಮ್ಮ ವರ್ಷಗಳು ವ್ಯರ್ಥ. ಹಾಗೆಯೇ, ತಂದ ಕೋಶಗಳು ಹೆಸರಿನಲ್ಲಿರುವ ಕೋಶಗಳೇ ಹೌದೆಂದು ಡಿಎನ್‌ಎ ಗುರುತಿನಿಂದ ಖಾತ್ರಿ ಮಾಡಿಕೊಳ್ಳುವುದನ್ನೂ, ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಸೋಂಕು ಅವುಗಳಿಗಿಲ್ಲವೆಂದು ಆಗಾಗ ಪರೀಕ್ಷಿಸುವುದನ್ನೂ ಮೊದಲ ದಿನದಿಂದ ರೂಢಿಸಿಕೊಳ್ಳಿ.

ಗೈಡ್ ಆಯ್ಕೆಯಲ್ಲಿ ಹೆಸರಿಗೆ ಮರುಳಾಗದೆ ದಾಖಲೆ ನೋಡಬೇಕು. ಅವರ ಹಿಂದಿನ ವಿದ್ಯಾರ್ಥಿಗಳ ಪ್ರಬಂಧಗಳು ಶೋಧಗಂಗಾದಲ್ಲಿ ಸಿಗುತ್ತವೆ. ಯಾರು ಯಾವಾಗ ಸೇರಿದರು, ಯಾವಾಗ ಮುಗಿಸಿದರು, ಅವರ ಲೇಖನಗಳಲ್ಲಿ ಮೊದಲ ಹೆಸರು ವಿದ್ಯಾರ್ಥಿಯದೇ ಎಂದು ಗಮನಿಸಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮಾವಳಿಯಂತೆ ಒಬ್ಬ ಪ್ರಾಧ್ಯಾಪಕರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಸಂಶೋಧನಾರ್ಥಿಗಳಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು, ಮತ್ತು ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಆದ್ದರಿಂದ ಜಾಗ ಖಾಲಿ ಇದೆಯೇ ಎಂದು ನೇರವಾಗಿ ಕೇಳುವುದರಲ್ಲಿ ಸಂಕೋಚ ಬೇಡ. ಪ್ರೋಟೀನನ್ನು ಗುರುತಿಸಲು ಬಳಸುವ ಆಂಟಿಬಾಡಿಯ ಒಂದು ಚಿಕ್ಕ ಶೀಶೆಗೇ ಹತ್ತಾರು ಸಾವಿರ ರೂಪಾಯಿ ಆಗುವ ಈ ಕ್ಷೇತ್ರದಲ್ಲಿ ಅವರ ಬಳಿ ಚಾಲ್ತಿಯಲ್ಲಿರುವ ಪ್ರಾಜೆಕ್ಟ್ ಹಣ ಇದೆಯೇ ಎಂಬುದೂ ಕೇಳಲೇಬೇಕಾದ ಮಾತು. ಅಲ್ಲಿರುವ ಸೀನಿಯರ್‌ಗಳೊಂದಿಗೆ, ಗೈಡ್ ಎದುರಿಗೆ ಇಲ್ಲದಾಗ, ಒಂದು ಗಂಟೆ ಮಾತಾಡಿ. ಪತ್ರ ಬರೆಯುವಾಗ "ಗೌರವಾನ್ವಿತ ಸರ್, ನಿಮ್ಮ ಸಂಶೋಧನೆಯಲ್ಲಿ ಆಸಕ್ತಿ ಇದೆ" ಎಂಬ ಒಂದೇ ಒಕ್ಕಣೆಯನ್ನು ನಲವತ್ತು ಜನರಿಗೆ ಕಳಿಸಬೇಡಿ. ಅವರ ಒಂದು ಲೇಖನವನ್ನು ಓದಿ, ಅದರ ಯಾವ ಚಿತ್ರದ ಬಗ್ಗೆ ನಿಮಗೆ ಸಂದೇಹ ಬಂತು ಎಂದು ನಾಲ್ಕು ಸಾಲು ಬರೆದರೆ ಉತ್ತರ ಬರುವ ಸಾಧ್ಯತೆ ಹೆಚ್ಚು. ಮಾದರಿಗಳು ಆಸ್ಪತ್ರೆಯಿಂದ ಬರುವುದಾದರೆ ಒಬ್ಬ ಪೆಥಾಲಜಿ ಇಲ್ಲವೇ ಶಸ್ತ್ರಚಿಕಿತ್ಸಾ ವೈದ್ಯರು ಸಹ ಮಾರ್ಗದರ್ಶಕರಾಗಿರುವುದು ಅತ್ಯಗತ್ಯ.

ಇನ್ನು ಪರೀಕ್ಷೆ. ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತಿತರ ಮೀಸಲು ವರ್ಗದವರಿಗೆ ಶೇ. 5 ವಿನಾಯಿತಿ ಇದೆ. ಸಿಎಸ್‌ಐಆರ್–ಯುಜಿಸಿ ನೆಟ್‌ನ ಜೀವವಿಜ್ಞಾನ ಪತ್ರಿಕೆಯೇ ಮುಖ್ಯ ದಾರಿ. ಜೈವಿಕ ತಂತ್ರಜ್ಞಾನ ಇಲಾಖೆಯ ಬೆಟ್ ಪರೀಕ್ಷೆ ಮತ್ತು ಪ್ರತ್ಯೇಕವಾಗಿ ನಡೆಯುವ ಗೇಟ್ ಪರೀಕ್ಷೆ ಇತರ ದಾರಿಗಳು. ನೆಟ್‌ನಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000 ರೂಪಾಯಿ ಶಿಷ್ಯವೇತನವಿದೆ. ನೆಟ್‌ನ ಮೂರನೇ ಭಾಗದಲ್ಲಿ ಕೇಳುವುದು ಪ್ರಯೋಗದ ಫಲಿತಾಂಶವನ್ನು ಅರ್ಥೈಸುವ ಪ್ರಶ್ನೆಗಳನ್ನು. ಪರೀಕ್ಷಾ ಕೈಪಿಡಿಗಳನ್ನು ಉರು ಹೊಡೆದು ಅದನ್ನು ದಾಟಲಾಗದು. ಲೇಖನವೊಂದರ ಚಿತ್ರವನ್ನು ಅದರ ವಿವರಣೆ ಮುಚ್ಚಿಟ್ಟು ನೋಡಿ, ನಿಮ್ಮದೇ ತೀರ್ಮಾನ ಬರೆದು, ಆಮೇಲೆ ಲೇಖಕರ ಮಾತಿಗೆ ಹೋಲಿಸುವ ಅಭ್ಯಾಸ ಬೇಕು.

ಹೋಗಬಹುದಾದ ಜಾಗಗಳು ಹಲವು. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ, ಭಾರತೀಯ ವಿಜ್ಞಾನ ಸಂಸ್ಥೆ, ಮಿದುಳಿನ ಗೆಡ್ಡೆಗಳ ಅಧ್ಯಯನಕ್ಕೆ ನಿಮ್ಹಾನ್ಸ್. ನವಿ ಮುಂಬೈನ ಖಾರ್ಘರ್‌ನಲ್ಲಿ ಟಾಟಾ ಸ್ಮಾರಕ ಕೇಂದ್ರದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆಕ್ಟ್ರೆಕ್, ಅಲ್ಲಿಯ ಪದವಿ ಹೋಮಿ ಭಾಭಾ ರಾಷ್ಟ್ರೀಯ ಸಂಸ್ಥೆಯದು. ಯುಜಿಸಿಯ ಅದೇ ನಿಯಮಾವಳಿಯಂತೆ ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್ ವರ್ಕ್ ಇರುತ್ತದೆ. ಕನಿಷ್ಠ ಅವಧಿ ಮೂರು ವರ್ಷ, ಗರಿಷ್ಠ ಆರು, ಮರುನೋಂದಣಿಯಿಂದ ಇನ್ನೆರಡು. ಮಹಿಳೆಯರಿಗೆ ಮತ್ತೂ ಎರಡು ವರ್ಷದ ರಿಯಾಯಿತಿ ಹಾಗೂ 240 ದಿನಗಳವರೆಗೆ ಹೆರಿಗೆ ಮತ್ತು ಮಕ್ಕಳ ಆರೈಕೆಯ ರಜೆ ಇದೆ; ಮದುವೆಯ ಮಾತೆತ್ತಿ ಪಿಎಚ್.ಡಿ. ಬೇಡವೆನ್ನುವ ಮನೆಗಳಲ್ಲಿ ಇದನ್ನು ತಿಳಿಸಬೇಕು.

ಜೆ.ಜೆ.ಎಂ. ಅಥವಾ ಎಸ್.ಎಸ್. ವೈದ್ಯಕೀಯ ಕಾಲೇಜಿನ ಎಂ.ಡಿ., ಎಂ.ಎಸ್. ವಿದ್ಯಾರ್ಥಿಗಳಿಗೆ ಥೀಸಿಸ್ಸೇ ಮೊದಲ ಸಂಶೋಧನೆ. ಹಿರಿಯರ ಥೀಸಿಸ್ಸಿನ ಶೀರ್ಷಿಕೆ ಬದಲಿಸಿ ಒಪ್ಪಿಸುವ ಆಮಿಷಕ್ಕೆ ಬೀಳಬೇಡಿ. ಜೈವಿಕ ವೈದ್ಯಕೀಯ ಸಂಶೋಧನೆಯ ಕಡ್ಡಾಯ ಆನ್‌ಲೈನ್ ಕೋರ್ಸನ್ನು ಥೀಸಿಸ್ ಯೋಜನೆ ಬರೆಯುವ ಮುನ್ನವೇ ಮುಗಿಸಿದರೆ, ಎಷ್ಟು ರೋಗಿಗಳು ಬೇಕು ಎಂಬ ಲೆಕ್ಕವನ್ನು ನೀವೇ ಹಾಕಬಲ್ಲಿರಿ.

ನೈತಿಕ ಸಮಿತಿಯ ಅನುಮತಿ ಪತ್ರ ಕೈಗೆ ಬರುವ ಮೊದಲು ಒಂದೇ ಒಂದು ಮಾದರಿಯನ್ನೂ ಸಂಗ್ರಹಿಸಬಾರದು. ಬಂದ ಮೇಲೆ, ಜಗಳೂರಿನಿಂದಲೋ ಮೊಳಕಾಲ್ಮೂರಿನಿಂದಲೋ ಬಂದ ರೋಗಿಯ ಮುಂದೆ ಒಪ್ಪಿಗೆ ಪತ್ರ ಹಿಡಿದು ನಿಂತಾಗ, ಸಹಿ ಎಲ್ಲಿ ಹಾಕಬೇಕೆಂದು ಬೆರಳು ತೋರಿಸಿದರೆ ಕೆಲಸ ಮುಗಿಯಲಿಲ್ಲ. ಪಕ್ಕದಲ್ಲಿ ಕೂತು, "ಅಜ್ಜಾ, ಪರೀಕ್ಷೆಗೆಂದು ಡಾಕ್ಟರು ಹೇಗೂ ಒಂದು ಚೂರು ತೆಗೀತಾರೆ, ಅದರಲ್ಲಿ ಉಳಿದಿದ್ದನ್ನು ನಾನು ಓದಿಗೆ ಬಳಸಲೇ? ನೀವು ಬ್ಯಾಡ ಅಂದ್ರೂ ನಿಮ್ಮ ಚಿಕಿತ್ಸೆ ಹಿಂಗೇ ನಡೀತದೆ" ಎಂದು ಹೇಳಿ, ಅವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳುವವರೆಗೆ ಕಾಯಬೇಕು. ಓದು ಬರದವರಾದರೆ ಹೆಬ್ಬೆಟ್ಟಿನ ಜೊತೆಗೆ ಸಂಶೋಧನೆಗೆ ಸಂಬಂಧಿಸದ ಒಬ್ಬ ಸಾಕ್ಷಿಯ ಸಹಿ ಬೇಕು, ಪತ್ರದ ಒಂದು ಪ್ರತಿ ರೋಗಿಯ ಕೈಗೆ ಹೋಗಬೇಕು. ನಂತರ ಚೂರನ್ನು ತಡಮಾಡದೆ ಅದರ ಹತ್ತು ಪಟ್ಟು ಫಾರ್ಮಲಿನ್‌ನಲ್ಲಿ ಮುಳುಗಿಸಿ, ಆರ್‌ಎನ್‌ಎ ಬೇಕಿದ್ದರೆ ಬೇರೆ ತುಣುಕನ್ನು ಕೂಡಲೇ ದ್ರವ ಸಾರಜನಕಕ್ಕೆ ಹಾಕಿ, ತೆಗೆದ ವೇಳೆಯನ್ನೂ ಮುಳುಗಿಸಿದ ವೇಳೆಯನ್ನೂ ರೋಗಿಯ ಹೆಸರಿಲ್ಲದ ಸಂಕೇತ ಸಂಖ್ಯೆಯೊಂದಿಗೆ ಡಬ್ಬಿಯ ಮೈಮೇಲೆಯೇ ಬರೆಯಬೇಕು. ಮುಚ್ಚಳದ ಮೇಲೆ ಬರೆದದ್ದು ಮುಚ್ಚಳ ಅದಲುಬದಲಾದರೆ ಮಾದರಿಯೊಂದಿಗೆ ಉಳಿಯುವುದಿಲ್ಲ.