ಶೆಡ್ಡಿನಿಂದ ಫ್ಲ್ಯಾಟಿಗೆ: ಯಾವ ಹತ್ಯಾರು ಮಾರಿದೆ, ಯಾವುದನ್ನು ಉಳಿಸಿಕೊಂಡೆ

ಪುಣೆಯ ಪಕ್ಕದ ನಿಗಡಿ ಪ್ರಾಧಿಕರಣದ ಸಾಲುಮನೆಯನ್ನು ಮಾರಿ, ಮಗಳ ಮನೆಗೆ ಹತ್ತಿರವಾಗಲೆಂದು ಪುಣೆಯ ಕೋಥರೂಡಿನಲ್ಲಿ ಎರಡು ಮಲಗುವ ಕೋಣೆಗಳ ಫ್ಲ್ಯಾಟ್ ಕೊಂಡೆವು. ಮಂಚ, ಕಪಾಟು, ಪಾತ್ರೆಪಗಡಗಳ ತೀರ್ಮಾನ ಬೇಗನೆ ಮುಗಿಯಿತು. ಹಿತ್ತಿಲಿನ ತಗಡಿನ ಶೆಡ್ಡಿನಲ್ಲಿದ್ದ ಮರಗೆಲಸದ ಹತ್ಯಾರುಗಳ ತೀರ್ಮಾನಕ್ಕೆ ಮಾತ್ರ ತಿಂಗಳುಗಳೇ ಹಿಡಿದವು. ದೊಡ್ಡ ಮನೆ ಬಿಟ್ಟು ಚಿಕ್ಕ ಮನೆಗೆ ಹೋಗುವ ನನ್ನ ವಯಸ್ಸಿನವರು ಪುಣೆಯಲ್ಲಿ ಈಗ ಬಹಳ ಮಂದಿ. ಅವರಲ್ಲಿ ಮರದ ಗೀಳು ಇರುವವರಿಗೆ ಉಪಯೋಗವಾಗಲೆಂದು ನಾನು ಹೇಗೆ ವಿಂಗಡಿಸಿದೆ ಎಂಬುದನ್ನು ಬರೆಯುತ್ತಿದ್ದೇನೆ.

ನಾನು ವೃತ್ತಿಯಿಂದ ಬಡಿಗನಲ್ಲ. ಚಿಂಚವಾಡದ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ, ಅಂದರೆ ಅಚ್ಚು, ಉಪಕರಣಗಳನ್ನು ತಯಾರಿಸುವ ವಿಭಾಗದಲ್ಲಿ, ದುಡಿದು ನಿವೃತ್ತನಾದವನು. ಮರದ ಗೀಳು ಹತ್ತಿಸಿದವರು ದಾಂಡೇಲಿಯ ಮರದ ಡಿಪೋದಲ್ಲಿ ಕೆಲಸಕ್ಕಿದ್ದ ನಮ್ಮ ಸೋದರಮಾವ. ಸಾಗವಾನಿಯ ತುಂಡನ್ನು ಕಣ್ಣು ಮುಚ್ಚಿಕೊಂಡು ಮೂಸಿ ಗುರುತಿಸುವುದನ್ನು ನನಗೆ ಕಲಿಸಿದವರು ಅವರೇ. ಸಂಬಳ ಬರತೊಡಗಿದ ಮೇಲೆ ಒಂದೊಂದೇ ಹತ್ಯಾರು ಕೂಡಿಸಿದೆ. ಕೊನೆಗೆ ಶೆಡ್ಡಿನಲ್ಲಿ ಎರಡು ಗಾಲಿಗಳ ಮೇಲೆ ಪಟ್ಟಿಯಂಥ ಬ್ಲೇಡ್ ಓಡುವ ಹದಿನಾಲ್ಕು ಇಂಚಿನ ಬ್ಯಾಂಡ್ ಸಾ, ಹಲಗೆಯ ದಪ್ಪ ಇಳಿಸುವ ಪ್ಲೇನರ್, ಮೇಜಿನ ನಡುವೆ ದುಂಡು ಬ್ಲೇಡ್ ತಿರುಗುವ ಒಂದು ಟೇಬಲ್ ಸಾ, ಅಂಚು ಮತ್ತು ತೋಡು ಕೊರೆಯುವ ಕೈಯಂತ್ರವಾದ ಟ್ರಿಮ್ ರೂಟರ್, ಜಾಲಿಮರದ ದಪ್ಪ ಕೆಲಸದ ಮೇಜು ಇದ್ದವು. ಗೋಡೆಯ ತುಂಬ ಕೈರಂದಾ (ಕೀಸುಳಿ), ಉಳಿ, ಗರಗಸ, ಮೂಲೆಮಟ್ಟ, ಕ್ಲಾಂಪುಗಳು ತೂಗುತ್ತಿದ್ದವು.

ಸಲಹೆ ಕೊಟ್ಟವರು ಎರಡು ಬಗೆ. ಎಲ್ಲವನ್ನೂ ಮಾರಿ ಹಗುರಾಗಿ ಎಂದವರು ಕೆಲವರು. ಒಂದನ್ನೂ ಮಾರಬೇಡಿ, ಮುಂದೆ ಮೊಮ್ಮಗನಿಗಾದೀತು ಎಂದವರು ಇನ್ನು ಕೆಲವರು. ಎರಡನ್ನೂ ನಾನು ಒಪ್ಪಲಿಲ್ಲ. ಮೊಮ್ಮಗನಿಗೆ ಈಗ ಆರು ವರ್ಷ. ಅವನಿಗೆ ಮರ ಹಿಡಿಸುತ್ತದೆಯೋ ಇಲ್ಲವೋ ತಿಳಿಯುವ ಹೊತ್ತಿಗೆ ನಿಂತ ಯಂತ್ರದ ಬೆಲ್ಟ್ ಬಿರಿದಿರುತ್ತದೆ, ಬೇರಿಂಗಿನ ಗ್ರೀಸ್ ಗಟ್ಟಿಯಾಗಿರುತ್ತದೆ. ಓಡದೆ ನಿಂತ ಯಂತ್ರವನ್ನು ಯಾರಿಗೂ ಆಸ್ತಿಯೆಂದು ಬಿಟ್ಟುಹೋಗಬಾರದು.

ಟೂಲ್ ರೂಮಿನಲ್ಲಿ ಪಳಗಿದವರಿಗೆ ಮಾಡಿದ್ದನ್ನೆಲ್ಲ ಬರೆದಿಡುವ ರೂಢಿ ಇರುತ್ತದೆ. ನಾನು ಮಾಡಿದ ಪ್ರತಿ ಕೆಲಸಕ್ಕೂ ಒಂದು ಪುಟ ಇಟ್ಟಿದ್ದೇನೆ: ಯಾವ ಮರ, ಯಾವ ಅಳತೆ, ಯಾವ ಜೋಡಣೆ, ಯಾವ ಪಾಲಿಷ್. ನಿವೃತ್ತಿಯ ನಂತರದ ಪುಟಗಳನ್ನು ತಿರುವಿ ನೋಡಿದೆ. ಮಂಚವಿಲ್ಲ, ಕಪಾಟಿಲ್ಲ, ಬಾಗಿಲಿಲ್ಲ. ಕೂರುವ ಮಣೆಗಳು, ದೇವರ ಪೀಠ, ಮಸಾಲೆ ಡಬ್ಬಿಗಳು, ಹಲ್ಲಿಗೆ ಹಲ್ಲು ಕೂರಿಸುವ ಡವ್‌ಟೇಲ್ ಜೋಡಣೆಯ ಮೂಲೆಗಳ ಪೆಟ್ಟಿಗೆಗಳು, ಮೊಮ್ಮಗನಿಗೊಂದು ಪುಟ್ಟ ಕುರ್ಚಿ. ಈ ಕೆಲಸಗಳಿಗೆ ನಿಜವಾಗಿ ಏನೇನು ಬೇಕಾಯಿತೆಂದು ಪುಟಪುಟಕ್ಕೂ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಬ್ಯಾಂಡ್ ಸಾ ಬಂದದ್ದು ದಪ್ಪ ತುಂಡನ್ನು ಸೀಳುವಾಗ ಮಾತ್ರ, ಪ್ಲೇನರ್ ಬಂದದ್ದು ಹಲಗೆಯನ್ನು ಮೊದಲು ಸಮ ಮಾಡುವಾಗ ಮಾತ್ರ. ಅಲ್ಲಿಂದ ಮುಂದಿನದೆಲ್ಲ ಕೈಯ ಕೆಲಸ. ನಿಮ್ಮಲ್ಲಿ ಇಂಥ ದಾಖಲೆ ಇಲ್ಲದಿದ್ದರೂ ಇತ್ತೀಚಿನ ವರ್ಷಗಳಲ್ಲಿ ಮಾಡಿದ್ದನ್ನೆಲ್ಲ ನೆನಪಿನಿಂದಲೇ ಒಂದು ಹಾಳೆಯಲ್ಲಿ ಬರೆಯಿರಿ. ಮುಂದೊಂದು ದಿನ ಮಾಡಬೇಕೆಂದು ಇಟ್ಟುಕೊಂಡ ಕೆಲಸಗಳನ್ನು ಆ ಹಾಳೆಯಲ್ಲಿ ಸೇರಿಸಬೇಡಿ.

ಆಮೇಲೆ ಹೊಸ ಮನೆಯನ್ನು ಅಳೆದೆ. ಡ್ರೈ ಬಾಲ್ಕನಿ ಬಟ್ಟೆ ಒಗೆಯುವ ಯಂತ್ರಕ್ಕೆ ಹೋಯಿತು. ಹಾಲಿಗೆ ಹೊಂದಿಕೊಂಡ ಚಿಕ್ಕ ಟೆರೇಸಿನ ಒಂದು ಮೂಲೆ ನನಗೆ ಸಿಗುವಂತಿತ್ತು. ನಾನು ಅಲ್ಲಿ ಟೇಪು ಹಿಡಿದು ನಿಂತಿದ್ದಾಗ ನನ್ನ ಹೆಂಡತಿ, “ನಿಮ್ಮ ಮೇಜು ಎಲ್ಲಿ ಬೇಕಾದರೂ ಇಡಿ, ತುಳಸಿಗೆ ಬಿಸಿಲು ಬರುವ ಜಾಗ ಬಿಟ್ಟು” ಎಂದಳು. ಹಾಗಾಗಿ ಬಡಗು ಗೋಡೆಯ ಬದಿ ನನ್ನದಾಯಿತು.

ಯಂತ್ರದ ಭಾರದ ಬಗ್ಗೆ ಹಲವರು ಹೆದರಿಸಿದರು. ವಾಸದ ಕೋಣೆಯ ನೆಲವನ್ನು ನಮ್ಮ ದೇಶದ ಮಾನಕದಂತೆ ಚದರ ಮೀಟರಿಗೆ ಸುಮಾರು 200 ಕಿಲೋ ಹೊರುವಂತೆ ಲೆಕ್ಕ ಹಾಕಿರುತ್ತಾರೆ. ಬಾಲ್ಕನಿಗೆ ಅದಕ್ಕಿಂತ ಹೆಚ್ಚು. ನೂರು ಕಿಲೋ ಆಸುಪಾಸಿನ ಬ್ಯಾಂಡ್ ಸಾ ಇಟ್ಟರೆ ನೆಲವೇನೂ ಕುಸಿಯುವುದಿಲ್ಲ. ತೊಂದರೆ ಇರುವುದು ಅದರ ಕಂಪನದಲ್ಲಿ ಮತ್ತು ಸದ್ದಿನಲ್ಲಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿ. ಪ್ಲೇನರಿಗೆ ಸಾಗವಾನಿ ಕೊಟ್ಟರೆ ಸದ್ದು ನೂರರ ಹತ್ತಿರ ಹೋಗುತ್ತದೆ. ಪ್ರಾಧಿಕರಣದಲ್ಲಿ ನಡುವೆ ಅಂಗಳವಿತ್ತು, ಮಾವಿನ ಮರವಿತ್ತು. ಇಲ್ಲಿ ನನ್ನ ಗೋಡೆಯೇ ಪಕ್ಕದವರ ಮಲಗುವ ಕೋಣೆಯ ಗೋಡೆ. ಆ ಮನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವ ಹುಡುಗನಿದ್ದಾನೆ. ನಿಯಮದ ಮಾತು ಬಿಟ್ಟರೂ ಅವನ ನಿದ್ದೆ ಕೆಡಿಸಲು ನನಗೆ ಹಕ್ಕಿಲ್ಲ.

ಧೂಳಿನದು ಇನ್ನೂ ಗಂಭೀರ ವಿಷಯ. ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಪಟ್ಟಿಗೆ ಸೇರಿಸಿದೆ. ಕೈರಂದಾದಿಂದ ಸುರುಳಿ ಏಳುತ್ತದೆ, ಪೊರಕೆಯಲ್ಲಿ ಗುಡಿಸಿದರೆ ಮುಗಿಯಿತು. ಸ್ಯಾಂಡರ್, ರೂಟರ್, ಟೇಬಲ್ ಸಾಗಳಿಂದ ಏಳುವುದು ಗಾಳಿಯಲ್ಲಿ ತೇಲುವ ಹುಡಿ. ತೆರೆದ ಶೆಡ್ಡಿನಲ್ಲಿ ಅದು ಹಾರಿಹೋಗುತ್ತಿತ್ತು, ಫ್ಲ್ಯಾಟಿನಲ್ಲಾದರೆ ಹಾಸಿಗೆಯ ಮೇಲೆ ಬಂದು ಕೂರುತ್ತದೆ. ಪಾಲಿಷ್ ಮಾಡುವವರಿಗೆ ಇಲ್ಲೇ ಒಂದು ಮಾತು: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಅದು ಒಣಗುತ್ತ ಒಳಗೊಳಗೇ ಬಿಸಿಯಾಗಿ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ನಾನು ಅದನ್ನು ನೀರಿನಲ್ಲಿ ಅದ್ದಿ, ಟೆರೇಸಿನ ಕಂಬಿಯ ಮೇಲೆ ಬಿಡಿಸಿ ಒಣಗಿಸಿ, ಆಮೇಲೆ ಕಸಕ್ಕೆ ಹಾಕುತ್ತೇನೆ.

ಇಷ್ಟು ನೋಡಿದ ಮೇಲೂ ಉಳಿಯುವುದು ಹಣದ ಲೆಕ್ಕ. ಅದನ್ನು ಜನ ಸಾಮಾನ್ಯವಾಗಿ ಒಂದೇ ಕಡೆಯಿಂದ ಹಾಕುತ್ತಾರೆ: ಮಾರಿದರೆ ಎಷ್ಟು ಬರುತ್ತದೆ? ನಾನು ಇನ್ನೊಂದನ್ನೂ ಕೇಳಿಕೊಂಡೆ: ಮತ್ತೆ ಬೇಕಾದರೆ ಎಷ್ಟಕ್ಕೆ ಸಿಗುತ್ತದೆ, ಸಿಗುವುದಾದರೂ ಇಂಥದ್ದೇ ಸಿಗುತ್ತದೆಯೇ? ಬೆಲೆ ತಿಳಿಯಲೆಂದು ಮಂಗಳವಾರ ಪೇಠೆಯ ಜುನಾ ಬಜಾರಿಗೆ ಹೋದೆ. ಬುಧವಾರ ಮತ್ತು ರವಿವಾರ ಅಲ್ಲಿ ಹಳೆಯ ಸಾಮಾನಿನ ಸಂತೆ ಕೂಡುತ್ತದೆ. ಚಾಪೆಯ ಮೇಲೆ ತುಕ್ಕು ಹಿಡಿದ ರಂದಾಗಳು, ಹಿಡಿ ಹೋದ ಉಳಿಗಳು ಬಿದ್ದಿರುತ್ತವೆ. ಅಲ್ಲಿ ಕೈಹತ್ಯಾರಿಗೆ ಬರುವ ಬೆಲೆಯಿಂದ ಮಾರುವವನ ಆಟೋ ಬಾಡಿಗೆ ಹುಟ್ಟಿದರೆ ಹೆಚ್ಚು. ಅದೇ ಗುಣದ ಹೊಸದನ್ನು ತರಲು ಹೋದರೆ ಹತ್ತಾರು ಪಟ್ಟು ಕೊಡಬೇಕು. ಯಂತ್ರಗಳ ಮಾತು ತಿರುವುಮುರುವು. ಓಡುವ ಸ್ಥಿತಿಯಲ್ಲಿರುವ ಯಂತ್ರಕ್ಕೆ ಒಳ್ಳೆಯ ಬೆಲೆ ಬರುತ್ತದೆ, ವರ್ಷ ಕಳೆದಂತೆ ಇಳಿಯುತ್ತದೆ, ಬೇಕೆಂದಾಗ ಹೊಸದು ಅಂಗಡಿಯಲ್ಲಿ ಸಿಗುತ್ತದೆ. ಅದರ ಕೆಲಸವನ್ನು ಕೂಲಿಗೂ ಮಾಡಿಸಬಹುದು: ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನಲ್ಲಿ ಹಲಗೆ ಆರಿಸಿ, ಸೀಳಿಸಿ, ಯಂತ್ರದ ರಂದಾ ಹೊಡೆಸಿಕೊಂಡು ಮನೆಗೆ ತರಬಹುದು. ನನ್ನ ಡವ್‌ಟೇಲನ್ನು ನನ್ನ ಕೈಗೆ ಒಗ್ಗಿದ ಉಳಿಯಿಂದ ಕೊರೆದುಕೊಡುವವರು ಯಾವ ಪೇಠೆಯಲ್ಲೂ ಇಲ್ಲ.

ನನ್ನ ನಾಲ್ಕನೇ ನಂಬರಿನ ಸ್ಟ್ಯಾನ್ಲಿ ರಂದಾ ನೋಡಿ. ಉದ್ದ ಸುಮಾರು 245 ಮಿಲಿಮೀಟರ್, ಅಲಗಿನ ಅಗಲ 50. ಸ್ಟ್ಯಾನ್ಲಿ ಕಂಪನಿ 1869ರಲ್ಲಿ ಲೆನರ್ಡ್ ಬೈಲಿಯಿಂದ ಕೊಂಡ ವಿನ್ಯಾಸವೇ ಇಂದಿಗೂ ಹೆಚ್ಚುಕಡಿಮೆ ಹಾಗೆಯೇ ನಡೆದುಬಂದಿದೆ. ನನಗೆ ಇದು ಬಂದಾಗ ತಳ ನಡುವೆ ತುಸು ಗುಳಿಬಿದ್ದಿತ್ತು. ಸ್ಟೀಲ್ ಪಟ್ಟಿಯನ್ನು ತಳಕ್ಕೆ ಅಡ್ಡ ಹಿಡಿದು ಕಿಟಕಿಯ ಕಡೆ ಎತ್ತಿದರೆ ಬೆಳಕಿನ ಗೆರೆ ಕಾಣುತ್ತಿತ್ತು. ಗಾಜಿನ ಮೇಲೆ ಉಜ್ಜುಕಾಗದ ಅಂಟಿಸಿ, ತಳಕ್ಕೆ ಪೆನ್ಸಿಲಿನಿಂದ ಗೀಟು ಹಾಕಿ, ಗೀಟೆಲ್ಲ ಒಂದೇ ಸಮ ಅಳಿಯುವವರೆಗೆ ತಿಕ್ಕಿದೆ. ಅಲಗಿಗೆ 25 ಡಿಗ್ರಿಯ ಓರೆ, ತುದಿಯಲ್ಲಿ ಕೂದಲೆಳೆಯಷ್ಟು 30 ಡಿಗ್ರಿಯ ಓರೆ. ಸಾಗವಾನಿಯಲ್ಲಿ ಮರಳಿನ ಅಂಶವಿರುವುದರಿಂದ ಮೊನೆ ಬೇಗ ಮೊಂಡಾಗುತ್ತದೆ, ಸಾಣೆಕಲ್ಲು ಯಾವಾಗಲೂ ಪಕ್ಕದಲ್ಲೇ ಇರಬೇಕು. ಹದವಾಗಿದ್ದಾಗ ಈ ರಂದಾದಿಂದ ಬರುವ ಸುರುಳಿಯನ್ನು ದಿನಪತ್ರಿಕೆಯ ಮೇಲಿಟ್ಟರೆ ಕೆಳಗಿನ ಅಕ್ಷರ ಓದಬಹುದು. ಜುನಾ ಬಜಾರಿನಲ್ಲಿ ಇದನ್ನು ಇದರ ತೂಕದ ಲೆಕ್ಕದಲ್ಲಿ ಕೇಳುತ್ತಾರೆ. ನಾನು ಇದರಲ್ಲಿ ಹಾಕಿದ ಹದಕ್ಕೆ ಅಲ್ಲಿ ಬೆಲೆಯಿಲ್ಲ, ಹಾಗಾಗಿ ಅದನ್ನು ಮಾರುವ ಮಾತೇ ಬರಲಿಲ್ಲ. ಉಳಿಗಳು, ಎರಡು ಗರಗಸ, ಕೊಡತಿ, ಮೂಲೆಮಟ್ಟ ಎಲ್ಲವೂ ಇದೇ ಕಾರಣಕ್ಕೆ ನನ್ನೊಡನೆ ಬಂದವು.

ಬ್ಯಾಂಡ್ ಸಾ ಕೊಂಡವನು ಧಾಯರಿಯಲ್ಲಿ ಸ್ವಂತ ಅಂಗಡಿ ಇಟ್ಟ ವಿಜಯಪುರದ ಕಡೆಯ ಬಡಿಗ. ನೋಡಲು ಬಂದವರಲ್ಲಿ ಹೆಚ್ಚಿನವರು ಬಂದ ಕೂಡಲೇ ಕೊನೆಯ ಬೆಲೆ ಕೇಳಿದರು. ಇವನು ಮುಚ್ಚಳ ತೆಗೆಸಿ, ಗಾಲಿಯನ್ನು ಕೈಯಿಂದ ತಿರುಗಿಸಿ, “ಕಾಕಾ, ಗಾಲಿಯ ರಬ್ಬರ್ ಯಾವಾಗ ಬದಲಿಸಿದಿರಿ?” ಎಂದು ಕೇಳಿದ. ಯಂತ್ರ ಇವನಿಗೇ ಹೋಗಬೇಕೆಂದು ನನಗೆ ಆಗಲೇ ಅನ್ನಿಸಿತು. ನಾನು ಮೊದಲೇ ಗಾಲಿಗಳಿಗೆ ಹತ್ತಿದ್ದ ಮರದ ಅಂಟನ್ನು ಕೆರೆದು, ಹೊಸ ಬ್ಲೇಡ್ ಏರಿಸಿ, ಸಾಗವಾನಿಯ ಒಂದು ದಪ್ಪ ತುಂಡನ್ನು ಸಿದ್ಧವಾಗಿಟ್ಟಿದ್ದೆ. “ನೀನೇ ಕೊಯ್ದು ನೋಡಪ್ಪ” ಎಂದೆ. ಅವನು ಮರವನ್ನು ಒತ್ತದೆ, ಬ್ಲೇಡ್ ಕೇಳಿದಷ್ಟೇ ಕೊಡುತ್ತ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದ ತೆಳು ಹಲಗೆ ಸೀಳಿ, ಎರಡು ತುದಿಗೂ ಕ್ಯಾಲಿಪರ್ ಹಿಡಿದು ನೋಡಿದ. ಬೆಲೆಯಲ್ಲಿ ನಾನು ಸ್ವಲ್ಪ ಇಳಿದೆ. ಬದಲಿಗೆ ಒಂದು ಮಾತು ಪಡೆದೆ: ನನಗೆ ಮರ ಸೀಳಬೇಕಾದಾಗ ಅವನ ಅಂಗಡಿಗೆ ಹೋಗಿ ನಾನೇ ಸೀಳಿಕೊಳ್ಳಬಹುದು. ಅವನು ಆ ಮಾತನ್ನು ಉಳಿಸಿಕೊಂಡಿದ್ದಾನೆ. ದೂರದವರು ಕೊಡುವ ನಾಲ್ಕು ಕಾಸು ಹೆಚ್ಚಿಗೆಗಿಂತ ಇಂಥ ಒಪ್ಪಂದ ನನಗೆ ಮೇಲೆನಿಸುತ್ತದೆ.

ಪ್ಲೇನರ್ ಹೋಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಟೇಬಲ್ ಸಾ ವಿಷಯದಲ್ಲಿ ಮಾತ್ರ ಹಟ ಹಿಡಿದೆ. ಬ್ಲೇಡಿನ ಮೇಲಿನ ರಕ್ಷಣೆಯ ಮುಚ್ಚಳ, ಸೀಳಿದ ಮರ ಮತ್ತೆ ಕೂಡಿಕೊಂಡು ಬ್ಲೇಡನ್ನು ಹಿಡಿಯದಂತೆ ತಡೆಯುವ ಹಿಂಬದಿಯ ಪಟ್ಟಿ, ತುಂಡನ್ನು ಮುಂದೆ ತಳ್ಳುವ ಕೋಲು, ಇವು ಮೂರೂ ಜೊತೆಗೆ ಹೋಗಬೇಕು, ಕೊಳ್ಳುವವರು ಅವನ್ನು ಬಳಸಲು ಒಪ್ಪಬೇಕು. ಮುಚ್ಚಳ ಬೇಡ, ಕೆಲಸಕ್ಕೆ ಅಡ್ಡ ಬರುತ್ತದೆ ಎಂದವರಿಗೆ ನಾನು ಕೊಡಲಿಲ್ಲ. ಬೆರಳು ಹೋದವರನ್ನು ಕಾರ್ಖಾನೆಯಲ್ಲಿ ಕಣ್ಣಾರೆ ಕಂಡಿದ್ದೇನೆ.

ಮೇಜನ್ನು ಇಡಿಯಾಗಿ ತರುವಂತಿರಲಿಲ್ಲ, ಬಿಡಲೂ ಮನಸ್ಸಾಗಲಿಲ್ಲ. ಟೆರೇಸಿನ ಅಳತೆಗೆ ಕತ್ತರಿಸಿದೆ. ಗಂಟುಗಂಟಾದ ಜಾಲಿಮರಕ್ಕೆ ಅಡ್ಡಗರಗಸ ಹಾಕಿ ಕೊಯ್ಯುವುದು ಸುಲಭವಲ್ಲ. ಮಗಳು ಒಂದು ತುದಿ ಹಿಡಿದಿದ್ದಳು. ಮರವನ್ನು ಬಿಗಿಹಿಡಿಯುವ ವೈಸ್ ಇರುವ ಬದಿಯನ್ನು ಉಳಿಸಿಕೊಂಡು, ಕಾಲುಗಳನ್ನು ಬೋಲ್ಟಿನಿಂದ ಬಿಚ್ಚಿ ಜೋಡಿಸುವಂತೆ ಮಾಡಿದೆ. ಕಾಲುಗಳ ಕೆಳಗೆ ದಪ್ಪ ರಬ್ಬರ್ ಹಾಳೆ ಇಟ್ಟ ಮೇಲೆ ಕೊಡತಿಯ ಏಟು ಕೆಳಗಿನ ಮನೆಗೆ ಕೇಳಿಸುವುದಿಲ್ಲ. ಅವರ ಮನೆಯಲ್ಲಿ ನಿಂತು, ಮೇಲಿನಿಂದ ಮಗಳಿಂದ ಕುಟ್ಟಿಸಿ ಖಾತ್ರಿ ಮಾಡಿಕೊಂಡೆ.

ಸಾಗಿಸಿದ್ದು ಜೂನ್ ಕೊನೆಯ ಮಳೆಯಲ್ಲಿ. ಹತ್ಯಾರುಗಳನ್ನು ದಿನಪತ್ರಿಕೆಯಲ್ಲಿ ಸುತ್ತಬೇಡಿ, ಕಾಗದ ತೇವ ಎಳೆದುಕೊಂಡು ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಟೂಲ್ ರೂಮುಗಳಲ್ಲಿ ಬಳಸುವ, ತುಕ್ಕು ತಡೆಯುವ ವಿಸಿಐ ಕಾಗದ ತಂದೆ. ಅದು ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ಸವರಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರೂ ಸಾಕು. ರಂದಾದ ಅಲಗನ್ನು ಒಳಗೆ ಎಳೆದಿಡಿ, ಉಳಿಗಳ ಮೊನೆಗೆ ಟೋಪಿ ಹಾಕಿ. ಬ್ಯಾಂಡ್ ಸಾ ಸಾಗಿಸುವವರು ಬ್ಲೇಡಿನ ಬಿಗಿ ಸಡಿಲಿಸಬೇಕು. ಯಂತ್ರವನ್ನು ಎತ್ತುವಾಗ ಮೇಲ್ಮೇಜನ್ನು ಹಿಡಿದು ಎತ್ತಲೇಬಾರದು.

ಈಗ ಬಾಕಿ ಇರುವುದು ಟ್ರಿಮ್ ರೂಟರ್ ಒಂದೇ. ಗಾತ್ರದಲ್ಲಿ ಚಿಕ್ಕದು, ಕಪಾಟಿನ ಮೂಲೆಯಲ್ಲಿ ಕೂರುತ್ತದೆ. ಆದರೆ ಸದ್ದು ಮತ್ತು ಹುಡಿ ಎರಡರಲ್ಲೂ ದೊಡ್ಡ ಯಂತ್ರಗಳಿಗೆ ಕಡಿಮೆಯಿಲ್ಲ. ಪೆಟ್ಟಿಗೆಯ ತಳದ ಹಲಗೆ ಕೂರುವ ತೋಡು ತೆಗೆಯಲು ಅದರಷ್ಟು ಅಚ್ಚುಕಟ್ಟಾದದ್ದು ಇನ್ನೊಂದಿಲ್ಲ, ಹಾಗಾಗಿ ಅದರ ಬದಲಿಗೆ ಆ ಕೆಲಸಕ್ಕೇ ಮಾಡಿದ ಕೈರಂದಾ ಒಂದನ್ನು ಹುಡುಕುತ್ತಿದ್ದೇನೆ. ಅದು ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕಿದರೆ ರೂಟರನ್ನು ದೀಪಾವಳಿಗೆ ಮುಂಚೆಯೇ ಮಾರುತ್ತೇನೆ. ಆ ಹೊತ್ತಿಗೆ ಬಡಿಗರಿಗೆ ಕೈತುಂಬ ಕೆಲಸವಿರುತ್ತದೆ, ಗಿರಾಕಿ ಬೇಗ ಸಿಗುತ್ತಾರೆ.