ಜಗನ್ಮೋಹನ ಅರಮನೆಯಲ್ಲಿ ಚಿತ್ರ ನೋಡುವುದು ಹೇಗೆ

ಮೈಸೂರಿಗೆ ಬಂದ ನೆಂಟರನ್ನೆಲ್ಲ ನಾನು ಮೊದಲು ಜಗನ್ಮೋಹನಕ್ಕೇ ಕರೆದುಕೊಂಡು ಹೋಗುತ್ತೇನೆ. ದೊಡ್ಡ ಅರಮನೆಯ ಪಶ್ಚಿಮಕ್ಕಿದೆ, ನಡೆದೇ ಹೋಗಬಹುದು. ಬೆಳಿಗ್ಗೆ ಬೇಗ ಹೋಗಿ. ಮಧ್ಯಾಹ್ನ ಜನ ಜಾಸ್ತಿ.

ಒಳಗೆ ಹೋಗುವ ಮುನ್ನ ಒಂದು ನಿಮಿಷ ಕಟ್ಟಡವನ್ನೇ ನೋಡಿ. ಇದು 1861ರದ್ದು. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದಾಗ ರಾಜಮನೆತನ ಇಲ್ಲೇ ವಾಸವಿತ್ತು. 1902ರಲ್ಲಿ ನಾಲ್ವಡಿಯವರ ಪಟ್ಟಾಭಿಷೇಕವೂ ಇಲ್ಲೇ ಆಯಿತು. ಆಮೇಲೆ 1915ರಲ್ಲಿ ಚಿತ್ರಶಾಲೆಯಾಯಿತು. ಮನೆಯಾಗಿದ್ದ ಜಾಗ ಅಂತ ಗೊತ್ತಿದ್ದರೆ ಮೆಟ್ಟಿಲು ಹತ್ತುವಾಗಲೂ ಬೇರೆಯೇ ಅನಿಸುತ್ತದೆ, ಅಲ್ವಾ?

ಎಲ್ಲವನ್ನೂ ನೋಡಲು ಹೊರಡಬೇಡಿ, ಕಣ್ಣು ಸೋಲುತ್ತದೆ. ರವಿವರ್ಮರ ಚಿತ್ರಗಳ ಮುಂದೆ ನಿಂತು ಸೀರೆಯ ಅಂಚು, ಒಡವೆಯ ಹೊಳಪು ಗಮನಿಸಿ. ಗಂಟೆ ಹೊಡೆಯುವ ಹೊತ್ತಿಗೆ ಹಳೆಯ ಫ್ರೆಂಚ್ ಗಡಿಯಾರದ ಹತ್ತಿರ ಇರಿ.

ಕಲಾವಿದ ಹಲ್ದಣಕರ್ ಅವರ ದೀಪ ಹಿಡಿದ ಹುಡುಗಿಯ ಚಿತ್ರಕ್ಕೆ ಮಾತ್ರ ಸಮಯ ಉಳಿಸಿಕೊಳ್ಳಿ. ಮೊದಲು ದೂರ ನಿಲ್ಲಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ. ನಿಧಾನಕ್ಕೆ ಬೆರಳುಗಳ ಸಂದಿಯ ಕೆಂಪು ಬೆಳಕು ಕಾಣಿಸುತ್ತದೆ. ಅದು ಬರೀ ಜಲವರ್ಣ! ಚಿಕ್ಕವಳಿದ್ದಾಗ ಹಿಂದೆ ಬಲ್ಬ್ ಇದೆಯೇನೋ ಅಂತ ಅಜ್ಜಿಯನ್ನು ಕೇಳಿದ್ದೆ. "ಸುಮ್ನೆ ನೋಡು ಮಗ" ಅಂದಿದ್ದರು.

ಸಮಯವಿದ್ದರೆ ಆಟೋ ಹಿಡಿದು ಸಂತ ಫಿಲೋಮಿನಾ ಚರ್ಚಿಗೆ ಹೋಗಿ. ಹಗಲಲ್ಲೇ ಹೋಗಿ, ಅಲ್ಲಿನ ಬಣ್ಣದ ಗಾಜಿಗೆ ಬಿಸಿಲು ಬೇಕು.