ಚೀಟಿ ಕಿಟಕಿಯ ನಾಲ್ಕು ಪ್ರಶ್ನೆ: ನಿಮ್ಮ ಆರೋಗ್ಯ ದಾಖಲೆ ನೆಟ್ಟಗಿರಲು ಏನು ಮಾಡಬೇಕು?

ನಮ್ಮ ಮಲೆನಾಡಿನಲ್ಲಿ ಒಬ್ಬೊಬ್ಬರಿಗೂ ಮೂರು ಹೆಸರು. ಆಧಾರ್‌ನಲ್ಲಿ ಲಕ್ಷ್ಮೀದೇವಿ, ಪಡಿತರ ಚೀಟಿಯಲ್ಲಿ ಲಕ್ಷ್ಮಮ್ಮ, ತೋಟದ ಲೆಕ್ಕದ ಪುಸ್ತಕದಲ್ಲಿ ಬರೀ ಲಚ್ಚಮ್ಮ. ಊರಿನವರಿಗೆ ಇದರಿಂದ ಯಾವ ಗೊಂದಲವೂ ಇಲ್ಲ. ಆದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಕಂಪ್ಯೂಟರಿಗೆ ಇವರು ಮೂವರು ಹೆಂಗಸರು. ಒಬ್ಬರಿಗೆ ರಕ್ತದೊತ್ತಡ, ಇನ್ನೊಬ್ಬರಿಗೆ ಸಕ್ಕರೆ ಕಾಯಿಲೆ, ಮೂರನೆಯವರಿಗೆ ಏನೂ ಇಲ್ಲ. ಲಕ್ಷ್ಮಮ್ಮನ ಹೆಸರಿನಲ್ಲಿ ಚಿಕ್ಕಮಗಳೂರಿನ ದೊಡ್ಡಾಸ್ಪತ್ರೆಗೆ ಹೋದಾಗ ಲಕ್ಷ್ಮೀದೇವಿ ನುಂಗುತ್ತಿದ್ದ ಮಾತ್ರೆಯ ಸುದ್ದಿ ವೈದ್ಯರಿಗೆ ಗೊತ್ತೇ ಆಗುವುದಿಲ್ಲ.

ಆಸ್ಪತ್ರೆಗಳು ಡಿಜಿಟಲ್ ಆಗುತ್ತಿವೆ ಎಂಬುದನ್ನು ಕೇಳಿ ಕೇಳಿ, ಅದೆಲ್ಲ ಸರ್ಕಾರದ ಕೆಲಸ ಎಂದು ನಾವು ಸುಮ್ಮನಿದ್ದೇವೆ. ಅರ್ಧ ಕೆಲಸ ಆಸ್ಪತ್ರೆಯ ಚೀಟಿ ಕಿಟಕಿಯ ಈಚೆ ನಿಂತವರದು. ಚೀಟಿ ಬರೆಯುವವರು ಕೇಳುವುದು ನಾಲ್ಕೇ ಪ್ರಶ್ನೆ: ಹೆಸರು, ವಯಸ್ಸು, ಮೊಬೈಲ್ ಸಂಖ್ಯೆ, ಊರು. ಹಿಂದೆ ಸಾಲು ಬೆಳೆದಿರುತ್ತದೆ, ಬಸ್ಸಿನ ಹೊತ್ತಾಗಿರುತ್ತದೆ. ಬಾಯಿಗೆ ಬಂದ ಉತ್ತರ ಕೊಟ್ಟು ಮುಂದೆ ಹೋಗುತ್ತೇವೆ. ಮುಂದಿನ ಎಡವಟ್ಟುಗಳಲ್ಲಿ ಬಹುಪಾಲು ಶುರುವಾಗುವುದು ಅಲ್ಲೇ.

ಕಿಟಕಿಯ ಆಚೆ ಏನಿದೆ?

ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 3,000 ಜನರಿಗೆ ಒಂದು ಉಪಕೇಂದ್ರ ಎಂಬುದು ಲೆಕ್ಕ. ಬಯಲುಸೀಮೆಗೆ ಇದೇ 30,000 ಮತ್ತು 5,000. ಬಯಲಿನ ಕಡೂರಿಗಿಂತ ಮಲೆನಾಡಿನ ಕೊಪ್ಪದ ಲೆಕ್ಕ ಹಗುರವಾಗಿ ಕಾಣುತ್ತದೆ, ನಿಜ. ಆದರೆ ಇಲ್ಲಿ ಮೂರು ಸಾವಿರ ಜನ ಎಂದರೆ ನಾಲ್ಕು ಗುಡ್ಡ, ಎರಡು ಹಳ್ಳ, ಒಂಟಿ ಒಂಟಿ ಮನೆಗಳು. ಇಷ್ಟನ್ನೂ ತಿರುಗುವವರು ಆಶಾ ಕಾರ್ಯಕರ್ತೆ ಮತ್ತು ನಾವು ಸಿಸ್ಟರ್ ಎಂದು ಕರೆಯುವ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ.

ಅವರು ತುಂಬಬೇಕಾದ ಖಾನೆಗಳು ಒಂದೇ ಕಡೆ ಇಲ್ಲ. ತಿಂಗಳಿಗೆ ಎಷ್ಟು ಹೆರಿಗೆ, ಎಷ್ಟು ಲಸಿಕೆ ಎಂಬ ಒಟ್ಟು ಅಂಕಿಗಳು 2008ರಲ್ಲಿ ಶುರುವಾದ ಆರೋಗ್ಯ ನಿರ್ವಹಣಾ ಮಾಹಿತಿ ವ್ಯವಸ್ಥೆಗೆ ಹೋಗುತ್ತವೆ. ಅಲ್ಲಿ ನಿಮ್ಮ ಹೆಸರಿಲ್ಲ, ನೀವು ಬರೀ ಒಂದು ಅಂಕಿ. ಬಸುರಿ, ಬಾಣಂತಿ, ಮಕ್ಕಳಿಗೆ ಬೇರೆ ಪೋರ್ಟಲ್, ಕ್ಷಯಕ್ಕೆ ನಿಕ್ಷಯ್, ಬಿಪಿ, ಸಕ್ಕರೆ ಕಾಯಿಲೆಗೆ ಇನ್ನೊಂದು, ಜ್ವರಕ್ಕೆ ಮತ್ತೊಂದು. ಮೇಜಿನ ಮೇಲೆ ಹಳೆಯ ದಪ್ಪ ರಿಜಿಸ್ಟರುಗಳೂ ಹಾಗೆಯೇ ಇವೆ. ಕಂಪ್ಯೂಟರ್ ಬಂದು ಕೆಲಸ ಕಡಿಮೆಯಾಯಿತೇ ಎಂದು ಯಾವ ಸಿಸ್ಟರನ್ನಾದರೂ ಕೇಳಿ ನೋಡಿ, ಉತ್ತರಕ್ಕಿಂತ ಮೊದಲು ನಗು ಬರುತ್ತದೆ. ಆದ್ದರಿಂದ ಅವರ ಮೇಲೆ ರೇಗುವ ಮೊದಲು ನಮ್ಮ ಕೈಯಲ್ಲಿರುವುದನ್ನು ಸರಿ ಮಾಡಿಕೊಳ್ಳೋಣ.

ಮೊದಲ ಹೆಜ್ಜೆ: ಚೀಲ ಸುರಿಯುವುದು

ಎಲ್ಲರ ಮನೆಯಲ್ಲೂ ಬೀರುವಿನ ಬಾಗಿಲಿಗೆ ಜವಳಿ ಅಂಗಡಿಯ ಚೀಲವೊಂದು ನೇತಾಡುತ್ತಿರುತ್ತದೆ. ಒಳಗೆ ಮನೆ ಮಂದಿಯ ಚೀಟಿ, ಎಕ್ಸ್‌ರೇ, ರಕ್ತ ಪರೀಕ್ಷೆಯ ವರದಿ ಎಲ್ಲ ಕಲಸುಮೇಲೋಗರ. ಒಂದು ಭಾನುವಾರ ಅದನ್ನು ಚಾಪೆಯ ಮೇಲೆ ಸುರಿಯಿರಿ. ಒಬ್ಬೊಬ್ಬರದನ್ನು ಬೇರೆ ಮಾಡಿ, ಹಳೆಯದು ಕೆಳಗೆ ಹೊಸದು ಮೇಲೆ ಬರುವಂತೆ ಜೋಡಿಸಿ, ಬೇರೆ ಬೇರೆ ಕವರಿಗೆ ಹಾಕಿ. ಕವರಿನ ಮೇಲೆ ಆಧಾರ್‌ನಲ್ಲಿರುವ ಹೆಸರನ್ನೇ ಬರೆಯಿರಿ. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ಯಾವುದಾದರೂ ಔಷಧ ಒಗ್ಗದೆ ಮೈಮೇಲೆ ದದ್ದು ಎದ್ದಿದ್ದರೆ ಅದರ ಹೆಸರು, ರಕ್ತದ ಗುಂಪು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲಕ್ಕಿಂತ ಮೇಲಿಡಿ. ಮಳೆಗಾಲದಲ್ಲಿ ಕರೆಂಟು ಹೋಗಿ, ಸಿಗ್ನಲ್ಲೂ ಇಲ್ಲದ ದಿನ ನಿಮ್ಮ ಪಾಲಿನ ಮಾಹಿತಿ ವ್ಯವಸ್ಥೆ ಆ ಹಾಳೆಯೇ.

ಎರಡನೆಯ ಹೆಜ್ಜೆ: ಆಭಾ ಸಂಖ್ಯೆ

ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ ಶುರುವಾದದ್ದು 2021ರ ಸೆಪ್ಟೆಂಬರ್ 27ರಂದು. ಅದರಡಿ ಸಿಗುವ 14 ಅಂಕಿಯ ಆರೋಗ್ಯ ಖಾತೆ ಸಂಖ್ಯೆಯೇ ಆಭಾ. ಇದಕ್ಕೆ ದುಡ್ಡಿಲ್ಲ, ಕಡ್ಡಾಯವೂ ಅಲ್ಲ.

ಮಾಡಿಕೊಳ್ಳುವ ಕ್ರಮ ಸರಳ. ಮೊಬೈಲಿನಲ್ಲಿ ಆಭಾ ಆ್ಯಪ್ ಹಾಕಿಕೊಂಡು, ಹೊಸ ಸಂಖ್ಯೆ ಎಂಬಲ್ಲಿ ಒತ್ತಿ, 12 ಅಂಕಿಯ ಆಧಾರ್ ಸಂಖ್ಯೆ ಕೊಡಿ. ಒಪ್ಪಿಗೆಯ ಚೌಕಕ್ಕೆ ಗುರುತು ಹಾಕಿದ ಮೇಲೆ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರುತ್ತದೆ. ಅದನ್ನು ತುಂಬಿದರೆ ನಿಮ್ಮ ಫೋಟೊ, ಹೆಸರು, ಹುಟ್ಟಿದ ದಿನ ತಾನಾಗಿ ಬಂದು ಕೂರುತ್ತವೆ. ಆಮೇಲೆ ಇಮೇಲ್ ವಿಳಾಸದ ಹಾಗೆ ಇರುವ ಒಂದು ಆಭಾ ವಿಳಾಸ ಆರಿಸಿಕೊಳ್ಳಬೇಕು. ನೆನಪಿನಲ್ಲಿ ಉಳಿಯುವಂಥದ್ದನ್ನೇ ಇಟ್ಟುಕೊಳ್ಳಿ. ಕೊನೆಗೆ ಕಾರ್ಡನ್ನು ಇಳಿಸಿಕೊಂಡು ಒಂದು ಪ್ರತಿ ಮುದ್ರಿಸಿ ಆ ಕವರಿಗೆ ಹಾಕಿ. ಕೋವಿಡ್ ಲಸಿಕೆಗೆ ಆಧಾರ್ ಕೊಟ್ಟವರಲ್ಲಿ ಅನೇಕರಿಗೆ ಆಗಲೇ ಒಂದು ಸಂಖ್ಯೆ ಹುಟ್ಟಿರುತ್ತದೆ. ಹೆದರಬೇಕಿಲ್ಲ, ಅದೇ ಆಧಾರ್ ಕೊಟ್ಟರೆ ಹಳೆಯ ಸಂಖ್ಯೆಯೇ ಮತ್ತೆ ತೋರುತ್ತದೆ.

ಸ್ಮಾರ್ಟ್‌ಫೋನ್ ಇಲ್ಲದವರು ಆಧಾರ್ ಹಿಡಿದು ಉಪಕೇಂದ್ರಕ್ಕೆ ಹೋಗಿ ಸಮುದಾಯ ಆರೋಗ್ಯ ಅಧಿಕಾರಿಯನ್ನು ಕೇಳಬಹುದು. ಇಲ್ಲೊಂದು ಎಚ್ಚರ. ಕೆಲವು ವರ್ಷಗಳ ಹಿಂದೆ ಒಂದು ಶಿಬಿರದಲ್ಲಿ ನಮ್ಮ ತಾಯಿಯ ಹೆಸರು ಬರೆದುಕೊಂಡ ಹುಡುಗ, ಅವರ ಬಳಿ ಫೋನಿಲ್ಲ ಎಂದು ತನ್ನದೇ ಸಂಖ್ಯೆ ಹಾಕಿಬಿಟ್ಟಿದ್ದ. ಪಾಪ, ಸಾಲು ಸಾಗಲಿ ಎಂಬ ಉಪಕಾರ ಬುದ್ಧಿ. ಈಚೆಗೆ ದಾಖಲೆ ತೆರೆಯಲು ಹೋದರೆ ಒಟಿಪಿ ಎಲ್ಲಿಗೋ ಹೋಗುತ್ತದೆ. ಆ ಹುಡುಗ ಯಾವ ಊರಿನವನೋ! ಮೊಬೈಲ್ ಸಂಖ್ಯೆ ಬದಲಿಸಲು ಎರಡು ಸಲ ಅಲೆದದ್ದಾಯಿತು. ಮನೆಯಲ್ಲಿ ಒಂದೇ ಫೋನಿದ್ದರೆ ಅದರ ಸಂಖ್ಯೆಯನ್ನೇ ಎಲ್ಲರ ಹೆಸರಿಗೂ ಕೊಡಿ. ಹೊರಗಿನವರ ಸಂಖ್ಯೆ ಮಾತ್ರ ಬೇಡ. ಸಿಮ್ ಬದಲಿಸಿದಾಗ ಬ್ಯಾಂಕಿಗೆ ತಿಳಿಸುವಂತೆ ಇಲ್ಲಿಯೂ ತಿದ್ದಿಸಿ.

ಆಭಾ ಮಾಡಿಸಿದರೆ ಐದು ಲಕ್ಷದ ಚಿಕಿತ್ಸೆ ಉಚಿತವಂತೆ ಎಂದು ಜಗಲಿಯ ಮೇಲೆ ಮಾತು ಬರುವುದುಂಟು. ಅದು ಬೇರೆ ಕಾರ್ಡು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ವೆಚ್ಚದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಆಭಾ ಒಂದು ಪೈಸೆಯನ್ನೂ ಕೊಡುವುದಿಲ್ಲ. ದಾಖಲೆಗಳು ಹುಟ್ಟಿದ ಆಸ್ಪತ್ರೆಯಲ್ಲೇ ಉಳಿಯುತ್ತವೆ, ಈ ಸಂಖ್ಯೆ ಅವನ್ನು ಪೋಣಿಸುವ ದಾರ, ಅಷ್ಟೆ. ಎಲ್ಲ ಆಸ್ಪತ್ರೆಗಳೂ ಈ ದಾರಕ್ಕೆ ಬಂದಿಲ್ಲ. ಬಂದಿರುವ ಕಡೆಯೂ ಎಲ್ಲ ಚೀಟಿಗಳು ಏರುವುದಿಲ್ಲ. ಅದಕ್ಕೇ ಚೀಟಿಗಳ ಆ ಕವರನ್ನು ಎಸೆಯಬೇಡಿ.

ಮೂರನೆಯ ಹೆಜ್ಜೆ: ಕಿಟಕಿಯಲ್ಲಿ

ಹೊರರೋಗಿ ವಿಭಾಗದ ಬಳಿ ಕ್ಯುಆರ್ ಕೋಡಿನ ಫಲಕ ಇದೆಯೇ ನೋಡಿ. ಇದ್ದರೆ ಆಭಾ ಆ್ಯಪ್‌ನಿಂದ ಅದನ್ನು ಸ್ಕ್ಯಾನ್ ಮಾಡಿ ಒಪ್ಪಿಗೆ ಕೊಟ್ಟರೆ ಸಾಕು. ಹೆಸರು, ವಯಸ್ಸು, ವಿಳಾಸ ಕಂಪ್ಯೂಟರಿಗೆ ಹೋಗಿ ನಿಮಗೊಂದು ಟೋಕನ್ ಸಂಖ್ಯೆ ಬರುತ್ತದೆ. ಫಲಕ ಇಲ್ಲದಿದ್ದರೆ ಹಿಂದಿನ ಚೀಟಿಯನ್ನೇ ತೋರಿಸಿ, ಹೊಸದಾಗಿ ಬರೆಸಬೇಡಿ. ವಯಸ್ಸು ಕೇಳಿದರೆ ಹುಟ್ಟಿದ ವರ್ಷ ಹೇಳುವುದು ಒಳ್ಳೆಯದು. ಐದು ವರ್ಷದಿಂದ ಐವತ್ತೈದರಲ್ಲೇ ನಿಂತಿರುವ ಹಿರಿಯರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಕೈಯಲ್ಲಿ ನಂಬರಿದ್ದರೆ ಮತ್ತೆ ನೋಂದಾಯಿಸಬೇಡಿ

ಬಸುರಿಯರಿಗೆ ಕೊಡುವ ತಾಯಿ ಕಾರ್ಡಿನಲ್ಲಿ 12 ಅಂಕಿಯ ಒಂದು ಸಂಖ್ಯೆ ಇರುತ್ತದೆ. ಗಂಡನ ಮನೆ ಕಡೂರು, ತವರು ಶೃಂಗೇರಿ ಎಂದುಕೊಳ್ಳಿ. ಏಳನೆಯ ತಿಂಗಳಿಗೆ ತವರಿಗೆ ಬಂದವರು ಅಲ್ಲಿನ ಸಿಸ್ಟರಿಗೆ ಈ ಸಂಖ್ಯೆ ತೋರಿಸಿದರೆ ಕಡೂರಿನಲ್ಲಿ ನೋಡಿದ ರಕ್ತದ ಅಂಶ, ಬಿಪಿ, ಚುಚ್ಚುಮದ್ದಿನ ವಿವರ ಮುಂದುವರಿಯುತ್ತದೆ. ಹೊಸದಾಗಿ ನೋಂದಾಯಿಸಿದರೆ ಲೆಕ್ಕದಲ್ಲಿ ಇಬ್ಬರು ಬಸುರಿಯರು. ಕಡೂರಿನ ಆಶಾ ಕಾರ್ಯಕರ್ತೆ ಕಾಣದಾದವರನ್ನು ಹುಡುಕಿಕೊಂಡು ಮನೆಗೆ ಬರುತ್ತಿರುತ್ತಾರೆ.

ಕ್ಷಯದ ಚಿಕಿತ್ಸೆಯಲ್ಲಿರುವವರಿಗೂ ಇದೇ ಮಾತು. ಕಾಫಿ ಕೊಯ್ಲಿಗೆಂದು ತೋಟದಿಂದ ತೋಟಕ್ಕೆ ಹೋಗುವವರು ನಿಕ್ಷಯ್ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಹೊಸ ಜಾಗದ ಆರೋಗ್ಯ ಕೇಂದ್ರಕ್ಕೆ ಕೊಟ್ಟರೆ ಚಿಕಿತ್ಸೆ ಅಲ್ಲಿಗೆ ವರ್ಗವಾಗುತ್ತದೆ. ಪೌಷ್ಟಿಕ ಆಹಾರಕ್ಕೆ ಬ್ಯಾಂಕ್ ಖಾತೆಗೆ ಬರುವ ಹಣವೂ ಈ ದಾಖಲೆಯನ್ನೇ ನೆಚ್ಚಿಕೊಂಡಿದೆ. 2024ರ ನವೆಂಬರ್‌ನಿಂದ ಅದು ತಿಂಗಳಿಗೆ 1,000 ರೂಪಾಯಿ.

ಮೂವತ್ತು ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ಒಂದು ಪ್ರಶ್ನಾವಳಿ ಹಿಡಿದು ಬರುತ್ತಾರೆ. ಸೊಂಟದ ಸುತ್ತಳತೆ, ದಿನದ ಓಡಾಟ, ಹೊಗೆಸೊಪ್ಪು, ಕುಡಿತ, ಮನೆಯಲ್ಲಿ ಯಾರಿಗಾದರೂ ಬಿಪಿ, ಸಕ್ಕರೆ ಇದೆಯೇ ಎಂದೆಲ್ಲ ಕೇಳಿ ಅಂಕ ಹಾಕುತ್ತಾರೆ. ನಾಲ್ಕಕ್ಕಿಂತ ಹೆಚ್ಚು ಬಂದವರನ್ನು ಮೊದಲು ತಪಾಸಣೆಗೆ ಕರೆಯಬೇಕೆಂಬುದು ಕ್ರಮ. ತಂಬಾಕು ಉಂಟೇ ಎಂದರೆ ನಮ್ಮ ಹಿರಿಯರು ಮುಖ ಗಂಟಿಕ್ಕಿ ಇಲ್ಲವೇ ಇಲ್ಲ ಎನ್ನುತ್ತಾರೆ, ಬಾಯಿ ತುಂಬ ಎಲೆಅಡಿಕೆಯ ಕವಳ ಇಟ್ಟುಕೊಂಡೇ. ಕವಳದೊಳಗಿನ ಹೊಗೆಸೊಪ್ಪೂ ತಂಬಾಕೇ. ಬಾಯಿಯ ಕ್ಯಾನ್ಸರಿನ ಅಪಾಯ ತಿಳಿಯಲೂ ಬೇಕಾದ ಪ್ರಶ್ನೆ ಅದು.

ಘಟ್ಟ ಇಳಿಯುವ ಮೊದಲು

ಇಲ್ಲಿಂದ ಮಣಿಪಾಲಕ್ಕೋ ಮಂಗಳೂರಿಗೋ ಹೋಗುವವರು ವೈದ್ಯರಿಂದ ರೆಫರಲ್ ಚೀಟಿ ಬರೆಸಿಕೊಳ್ಳಿ. ಇಲ್ಲಿ ಕೊಟ್ಟ ಔಷಧ ಮತ್ತು ಕೊಟ್ಟ ಹೊತ್ತು ಅದರಲ್ಲಿರಲಿ. ಅಲ್ಲಿನ ಆಸ್ಪತ್ರೆ ಆಭಾಕ್ಕೆ ಜೋಡಿಸಿಕೊಂಡಿದ್ದರೆ ನಿಮ್ಮ ಹಳೆಯ ದಾಖಲೆ ನೋಡಲು ಅನುಮತಿ ಕೇಳುವ ಸಂದೇಶ ಮೊಬೈಲಿಗೆ ಬರುತ್ತದೆ. ಕೇಳುತ್ತಿರುವವರು ಯಾರು, ಯಾವ ದಾಖಲೆ, ಎಷ್ಟು ದಿನಕ್ಕೆ ಎಂದು ಓದಿ ನೋಡಿ ಒಪ್ಪಿಗೆ ಕೊಡಿ. ಕೊಟ್ಟ ಒಪ್ಪಿಗೆಯನ್ನು ಆಮೇಲೆ ಹಿಂದಕ್ಕೂ ಪಡೆಯಬಹುದು. ಫೋನ್ ಮಾಡಿ ಒಟಿಪಿ ಹೇಳಿ ಎನ್ನುವವರು ಆಸ್ಪತ್ರೆಯವರಲ್ಲ.

ಕೊನೆಯ ಪ್ರಶ್ನೆ: ಊರು

ನಾಲ್ಕರಲ್ಲಿ ನಾವು ಅತಿ ಹಗುರವಾಗಿ ಉತ್ತರಿಸುವುದು ಇದನ್ನೇ. ಜ್ವರದ ವಿಷಯದಲ್ಲಿ ಹೆಚ್ಚು ತೂಕದ್ದೂ ಇದೇ.

ಜ್ವರವೆಂದು ಹೋದಾಗ ನಿಮ್ಮ ವಿವರ ರೋಗ ಕಣ್ಗಾವಲಿನ ಪೋರ್ಟಲ್‌ಗೂ ಹೋಗುತ್ತದೆ. ಮನೆ ಭೇಟಿಯಲ್ಲಿ ಕಂಡ ಲಕ್ಷಣಗಳನ್ನು ಆರೋಗ್ಯ ಕಾರ್ಯಕರ್ತೆ ಒಂದು ನಮೂನೆಯಲ್ಲಿ, ಇಂಥ ಕಾಯಿಲೆ ಇರಬಹುದೆಂಬ ವೈದ್ಯರ ಅಂದಾಜನ್ನು ಇನ್ನೊಂದರಲ್ಲಿ, ಪ್ರಯೋಗಾಲಯದ ಫಲಿತಾಂಶವನ್ನು ಮೂರನೆಯದರಲ್ಲಿ ತುಂಬುತ್ತಾರೆ. ಮೊದಲು ಇದು ವಾರಕ್ಕೊಮ್ಮೆ ಕಾಗದದಲ್ಲಿ ಹೋಗುತ್ತಿತ್ತು. ಈಗ ಕಂಪ್ಯೂಟರಿನಲ್ಲಿ ಏರಿದ ಕೂಡಲೇ ತಾಲ್ಲೂಕು ಮತ್ತು ಜಿಲ್ಲಾ ಕಚೇರಿಗೆ ಕಾಣುತ್ತದೆ. ಒಂದೇ ಹಳ್ಳಿಯಿಂದ ನಾಲ್ಕು ಜ್ವರ ಬಂದರೆ ಅಲ್ಲಿಗೆ ತಂಡ ಹೋಗಬೇಕು ಎಂಬುದು ಉದ್ದೇಶ. ಆದರೆ ಆ ನಾಲ್ವರು ಹೇಳಿದ ಊರು ನಾಲ್ಕು ಆಗಿದ್ದರೆ?

ಅದು ಹೀಗೆ ಆಗುತ್ತದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಅಡಿಕೆ ಕೊಯ್ಲಿಗೆ ಬಂದಿದ್ದಾನೆ, ಆಧಾರ್ ವಿಳಾಸ ಬೆಂಗಳೂರಿನದು. ತೋಟದ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಇರುವವರು ಅಸ್ಸಾಮಿನ ವಿಳಾಸ ಕೊಡುತ್ತಾರೆ. ಮೂರನೆಯವರು ಅಂಚೆ ಬರುವ ಊರಿನ ಹೆಸರು ಹೇಳುತ್ತಾರೆ, ನಾಲ್ಕನೆಯವರು ಮನೆಯ ಹೆಸರು. ನಾಲ್ವರೂ ಓಡಾಡಿದ್ದು ಸೊಪ್ಪು, ತರಗೆಲೆ ತರುವ ಒಂದೇ ಸೊಪ್ಪಿನ ಬೆಟ್ಟದಲ್ಲಿ.

ಸೊಪ್ಪಿನ ಬೆಟ್ಟ ಎಂದ ಮೇಲೆ ಮಂಗನ ಕಾಯಿಲೆಯ ಮಾತು ಬರಲೇಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ ಕೊಪ್ಪ, ನರಸಿಂಹರಾಜಪುರ, ಶೃಂಗೇರಿಯ ಕಡೆಗೂ ಬಂದಿದೆ. ಹರಡುವುದು ರಕ್ತ ಹೀರುವ ಉಣ್ಣೆ ಹುಳದಿಂದ (ಉಣುಗು). ಚಳಿಗಾಲದಿಂದ ಮಳೆ ಹಿಡಿಯುವವರೆಗೆ, ಅಂದರೆ ನಾವು ತರಗೆಲೆ ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವ ದಿನಗಳಲ್ಲೇ, ಅದರ ಕಾಟ ಹೆಚ್ಚು. ಹಾಗಾಗಿ ವೈದ್ಯರ ಮುಂದೆ ಕುಳಿತಾಗ ಆಧಾರ್ ವಿಳಾಸದ ಜೊತೆಗೆ ಹದಿನೈದು ದಿನದಿಂದ ಎಲ್ಲಿದ್ದಿರಿ, ಯಾವ ಗುಡ್ಡಕ್ಕೆ, ಯಾವ ಹಳ್ಳದ ಕಡೆಗೆ ಹೋಗಿದ್ದಿರಿ, ಮೈಮೇಲೆ ಉಣ್ಣೆ ಕಂಡಿರಾ ಎಂಬುದನ್ನು ಕೇಳದಿದ್ದರೂ ಹೇಳಿ.

ಜ್ವರ ಶುರುವಾದ ದಿನವನ್ನೂ ಹೇಳಿ. ನಾಲ್ಕೈದು ದಿನದಿಂದ ಎಂದರೆ ಸಾಲದು, ಸಂತೆಯ ಹಿಂದಿನ ದಿನ ಸಂಜೆ ಎಂದರೂ ಲೆಕ್ಕ ಸಿಗುತ್ತದೆ. ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಾಣುವನ್ನೇ ಹುಡುಕುವ ಪರೀಕ್ಷೆ ಮಾಡುತ್ತಾರೆ. ದಿನ ಕಳೆದ ಮೇಲೆ ದೇಹ ಅದರ ವಿರುದ್ಧ ತಯಾರಿಸಿದ ಪ್ರತಿಕಾಯವನ್ನು ಹುಡುಕುವುದು. ತಾರೀಖು ತಪ್ಪಿದರೆ ಪರೀಕ್ಷೆಯೂ ತಪ್ಪೀತು. ಕೆಲವರಿಗೆ ಜ್ವರ ಪೂರ್ತಿ ಇಳಿದು, ವಾರ ಕಳೆದ ಮೇಲೆ ಮರುಕಳಿಸುವುದೂ ಉಂಟು. ಅದನ್ನು ಹೊಸ ಜ್ವರ ಎಂದು ಬರೆಸದೆ, ಹಳೆಯ ಚೀಟಿ ಹಿಡಿದೇ ಹೋಗಿ.

ಕಾಡಿನಲ್ಲಿ, ತೋಟದಂಚಿನಲ್ಲಿ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ. ಸತ್ತ ಮಂಗನ ಮೈಯಿಂದ ಉದುರಿದ ಉಣ್ಣೆ ಸುತ್ತಲಿನ ನೆಲದಲ್ಲೇ ಇರುತ್ತದೆ. ದೂರದಿಂದಲೇ ಜಾಗ ಗುರುತು ಮಾಡಿಕೊಂಡು ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಯವರಿಗೋ ತಿಳಿಸಿ. ಅಲ್ಲಿ ಸಿಗ್ನಲ್ ಇದ್ದರೆ ವಾಟ್ಸ್‌ಆ್ಯಪ್‌ನಲ್ಲಿ ಸ್ಥಳ ಕಳುಹಿಸಬಹುದು. ಇಲ್ಲದಿದ್ದರೆ ಊರಿನ ಹೆಸರಿನ ಜೊತೆಗೆ ಹಳೆಯ ಗುರುತು ಹೇಳಿ: ಕಾಲುಸಂಕ ದಾಟಿ ಬಲಕ್ಕೆ, ಭೂತನ ಬನದ ಮೇಲುಗಡೆ, ಒಂಟಿ ಬೈನೆ ಮರದ ಹತ್ತಿರ.